ಸೀಸದ ಗಟ್ಟಿಯ ಜಾಡು ಹಿಡಿದು

ಲ್ಯಾಟಿನ್ ಪೂರ್ತಿ ಕಲಿತ ಮೇಲೆ ಶಾಸನಗಳಿಗೆ ಕೈಹಾಕೋಣ ಎಂದುಕೊಂಡಿದ್ದರೆ ನಾನಿನ್ನೂ ವ್ಯಾಕರಣದಲ್ಲೇ ಇರುತ್ತಿದ್ದೆ. ಬ್ರಿಟನ್ನಿನಲ್ಲಿ ರೋಮನ್ನರು ಎರಕ ಹೊಯ್ದ ಸೀಸದ ಗಟ್ಟಿಗಳನ್ನು ಓದಲು ಹತ್ತಿಪ್ಪತ್ತು ಸಂಕ್ಷೇಪಗಳು ಗೊತ್ತಿದ್ದರೆ ಸಾಕು. ಚಕ್ರವರ್ತಿಯ ಹೆಸರು, ಅವನು ಎಷ್ಟನೆಯ ಸಲ ಕಾನ್ಸಲ್ (ರೋಮಿನ ಉನ್ನತ ಅಧಿಕಾರಿ) ಆಗಿದ್ದ ಎಂಬ ಅಂಕಿ, ಕೆಲವೊಮ್ಮೆ ಗಣಿಯ ಸೀಮೆ. ಹೆಚ್ಚಿನವುಗಳಲ್ಲಿ ಇಷ್ಟೇ ಇರುತ್ತದೆ.

ನಾನು ಮೊದಲು ಆರಿಸಿಕೊಂಡದ್ದು ಸ್ಟಾಫರ್ಡ್‌ಶೈರ್‌ನ ಹಿಂಟ್ಸ್‌ನಲ್ಲಿ ಸಿಕ್ಕಿ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗಟ್ಟಿಯನ್ನು. ಅದರ ಅಕ್ಷರಗಳು ಎರಕದಲ್ಲಿ ಉಬ್ಬಿ ನಿಂತಿವೆ. ನೇರ ಬೆಳಕಿನಲ್ಲಿ ಬೂದು ಲೋಹವೆಲ್ಲ ಒಂದೇ ಸಮ ಕಾಣುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಪ್ರತಿ ಅಕ್ಷರಕ್ಕೂ ನೆರಳಿನ ಅಂಚು ಮೂಡುತ್ತದೆ. 'ವೆಸ್ಪ್' ಎಂದರೆ ಚಕ್ರವರ್ತಿ ವೆಸ್ಪಾಸಿಯನ್, ಏಳನೆಯ ಸಲ. 'ಟಿ' ಎಂದರೆ ಅವನ ಮಗ ಟೈಟಸ್, ಐದನೆಯ ಸಲ. ಇವರಿಬ್ಬರೂ ಹೀಗೆ ಒಟ್ಟಿಗೆ ಕಾನ್ಸಲ್ ಆಗಿದ್ದು ಕ್ರಿ.ಶ. 76ರಲ್ಲಿ. ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ತಾಳೆ ನೋಡುವ ನಮ್ಮ ಶಾಸನತಜ್ಞರಿಗೆ ಇದೊಂದು ಲೆಕ್ಕವೇ ಅಲ್ಲ.

ಕಷ್ಟವಿರುವುದು ಗಣಿ ಹುಡುಕುವುದರಲ್ಲಿ. ಗಟ್ಟಿಯ ಬದಿಯಲ್ಲಿರುವ ಬರಹ ಈಶಾನ್ಯ ವೇಲ್ಸಿನ ದೆಕೆಯಾಂಗ್ಲಿ ಜನರ ಸೀಮೆಯನ್ನು ಹೇಳುತ್ತದೆ. ಹಿಂಟ್ಸ್ ಇರುವುದು ವಾಟ್ಲಿಂಗ್ ಸ್ಟ್ರೀಟ್ ಎಂಬ ರೋಮನ್ ಹೆದ್ದಾರಿಯ ಮಗ್ಗುಲಲ್ಲಿ. ಅಂದರೆ ಸರಕು ಸಾಗುವ ದಾರಿಯಲ್ಲೇ ಉಳಿದುಹೋಗಿದೆ. ಹಾಗಾಗಿ ಸಿಕ್ಕ ಜಾಗವನ್ನು ಬಿಟ್ಟು ಫ್ಲಿಂಟ್‌ಶೈರ್‌ನ ಹಾಲ್ಕಿನ್ ಬೆಟ್ಟ ಹತ್ತಿದೆ.

ಅಲ್ಲಿ ಗುಂಡಿಗಳಿಗೆ ಬರವಿಲ್ಲ. ಸೀಸದ ವಿಷಕ್ಕೆ ಹುಲ್ಲು ಸೊರಗಿದ ಮಣ್ಣಿನ ದಿಬ್ಬಗಳ ಮೇಲೆ ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎಂಬ ಗಿಡ ಐದೆಸಳಿನ ಪುಟ್ಟ ಬಿಳಿ ಹೂ ಬಿಟ್ಟು ನೆಮ್ಮದಿಯಾಗಿರುತ್ತದೆ. ಸೀಸ ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ, ಯಾರು ಅಗೆದರು ಎಂಬುದನ್ನಲ್ಲ. 17ನೇ ಶತಮಾನದಿಂದೀಚೆಗೆ ನಡೆದ ಭಾರಿ ಗಣಿಗಾರಿಕೆ ಹಳೆಯ ಗುರುತುಗಳನ್ನು ಬಹುಮಟ್ಟಿಗೆ ನುಂಗಿದೆ. ಕಂಡ ಹಳ್ಳವನ್ನೆಲ್ಲ ರೋಮನ್ನರ ತಲೆಗೆ ಕಟ್ಟುವ ಹವ್ಯಾಸಿಗಳನ್ನು ಕಂಡರೆ ನನಗೆ ಕಿರಿಕಿರಿ. ಬ್ರಿಟನ್ನಿನಲ್ಲಿ ಸೀಸ ನೆಲದ ಮೇಲ್ಪದರದಲ್ಲೇ ಹೇರಳವಾಗಿ ಸಿಗುತ್ತದೆ, ಉತ್ಪಾದನೆಗೆ ಮಿತಿ ಹಾಕಲು ಕಾನೂನೇ ಇದೆ ಎಂದು ಅಂದಿನ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಷ್ಟು ಮೇಲಿನ ಅಗೆತದ ಗುರುತು ಮುಂದಿನವರ ಗುದ್ದಲಿಗೆ ಸಿಕ್ಕಿಯೂ ಉಳಿದೀತೇ?

ಅಗೆದು ನೋಡುವ ಆಸೆ ನನಗೂ ಬರುತ್ತದೆ. ಆದರೆ ಸಂರಕ್ಷಿತ ತಾಣಗಳಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವುದೂ ಕಾಯ್ದೆಯ ಪ್ರಕಾರ ಅಪರಾಧ. ನನ್ನ ಚೀಲದಲ್ಲಿ ನಕ್ಷೆ, ಕ್ಯಾಮೆರಾ, ಅಳತೆಯ ಟೇಪು ಬಿಟ್ಟರೆ ಬೇರೇನೂ ಇರುವುದಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು 2019ರಲ್ಲಿ ರೆಕ್ಸ್‌ಹ್ಯಾಮ್ ಬಳಿಯ ರಾಸೆಟ್‌ನಲ್ಲಿ ಸಿಕ್ಕ ಗಟ್ಟಿಯ ಚಿತ್ರಗಳು. ಅದರ ಮೇಲೆ 63ರಿಂದ 69ರವರೆಗೆ ಬ್ರಿಟನ್ನಿನ ಗವರ್ನರ್ ಆಗಿದ್ದ ಟ್ರೆಬೆಲಿಯಸ್ ಮಾಕ್ಸಿಮಸ್‌ನ ಹೆಸರಿದೆ. ಹಿಂಟ್ಸ್ ಗಟ್ಟಿಗಿಂತ ಏಳು ವರ್ಷವಾದರೂ ಹಳೆಯದು. ಅದರ ಸೀಸ ಯಾವ ಬೆಟ್ಟದ್ದು ಎಂಬುದನ್ನು ಅಕ್ಷರಗಳಿಂದಷ್ಟೇ ತೀರ್ಮಾನಿಸಲಾಗದು. ಅದಕ್ಕೆ ಐಸೋಟೋಪ್ ವಿಶ್ಲೇಷಣೆ (ಬೇರೆ ಬೇರೆ ತೂಕದ ಸೀಸದ ಪರಮಾಣುಗಳ ಪ್ರಮಾಣ ಅಳೆಯುವುದು) ಬೇಕು, ಅದು ಪ್ರಯೋಗಾಲಯದವರ ಕೆಲಸ.