ಮುಂಬೈ ಲೈನ್ ಸಿಗದ ರಾತ್ರಿ ನಾವು ಮಾಡಿದ್ದು

ಕಾರವಾರ ಬಸ್ ಸ್ಟ್ಯಾಂಡ್ ಹತ್ತಿರ 13 ವರ್ಷ ಎಸ್‌ಟಿಡಿ ಬೂತ್ ನಡೆಸಿದವನು ನಾನು. ಎರಡು ಲೈನು, ಹೊರಗೊಂದು ಕಾಯಿನ್ ಬಾಕ್ಸ್. ನಮ್ಮೂರಲ್ಲಿ ಯಾವ ಓಣಿಗೆ ಹೋದರೂ ಮುಂಬೈಯಲ್ಲಿ ಮಗನೋ ಅಳಿಯನೋ ಇರುವ ಮನೆ ಸಿಗುತ್ತದೆ. ಹಾಗಾಗಿ ನನ್ನ ಬೂತಿನಿಂದ ಹೋಗುತ್ತಿದ್ದ ಕಾಲ್‌ಗಳಲ್ಲಿ 022, ಅಂದರೆ ಮುಂಬೈ ಕೋಡ್, ಜಾಸ್ತಿ.

2006ರ ಜುಲೈ 11, ಮಂಗಳವಾರ. ಸಂಜೆ 6.24ರಿಂದ 11 ನಿಮಿಷದ ಒಳಗೆ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ ಏಳು ಬಾಂಬ್ ಸಿಡಿದವು. ಆಫೀಸ್ ಬಿಟ್ಟು ಜನ ಮನೆಗೆ ಹೋಗುವ ಹೊತ್ತು. 180ಕ್ಕೂ ಹೆಚ್ಚು ಜನ ಸತ್ತರು. ಟಿವಿಯಲ್ಲಿ ಸುದ್ದಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ನನ್ನ ಬೂತ್ ಎದುರು ಮಳೆಯಲ್ಲೇ ಕೊಡೆಗಳ ಸಾಲು.

ಮೊದಲ ಮುಕ್ಕಾಲು ಗಂಟೆ ನಾನು ತಪ್ಪು ಮಾಡಿದೆ. ಸುಮ್ನೆ ರೀಡಯಲ್ ಒತ್ತುತ್ತಲೇ ಇದ್ದೆ. ಒಂದೋ ಕುಯ್ ಕುಯ್ ಅಂತ ಎಂಗೇಜ್, ಇಲ್ಲವೇ ಏನೂ ಶಬ್ದವೇ ಇಲ್ಲ. ಬೈತಕೋಲದಿಂದ ಬಂದ ಒಬ್ಬ ಅಮ್ಮ, ಮೀನು ಮಾರುವವರು, ಕೌಂಟರ್ ಹಿಡಿದು "ತಮ್ಮಾ, ಇನ್ನೊಂದ್ ಸಲ ಹಚ್ಚು" ಅನ್ನುತ್ತಿದ್ದರು. ಕೈಯಲ್ಲಿ ಮಗನ ಮೊಬೈಲ್ ನಂಬರ್ ಬರೆದ ಕ್ಯಾಲೆಂಡರ್ ಚೂರು. ಮಳೆಗೆ ನೆನೆದು ಕೊನೆಯ ಅಂಕಿ 1 ಅಲ್ಲದಿದ್ದರೆ 7.

ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಟೆಲಿಫೋನ್ ಲೈನ್‌ಮನ್ ಒಳಗೆ ಬಂದ. ಅವನ ತಂಗಿಯೂ ಮುಂಬೈಯಲ್ಲೇ ಇದ್ದಳು. "ಅಣ್ಣಾ, ಲೈನ್ ಕೆಟ್ಟಿಲ್ಲ, ತುಂಬಿದೆ" ಅಂದ. ಅವನು ಹೇಳಿದ್ದು ಇಷ್ಟು. ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಕಾಲ್ ಒಯ್ಯುವ ದಾರಿಗೆ ಟ್ರಂಕ್ ಅನ್ನುತ್ತಾರೆ. ಒಂದು 2 ಎಂಬಿ ಟ್ರಂಕ್ ಅಂದರೆ ಒಂದೇ ಸಲಕ್ಕೆ 30 ಕಾಲ್, ಮೂವತ್ತೊಂದನೆಯವನಿಗೆ ಜಾಗ ಇಲ್ಲ. ಮೊಬೈಲ್ ಟವರ್‌ನದ್ದು ಇನ್ನೂ ಇಕ್ಕಟ್ಟು, ಒಂದು ಫ್ರೀಕ್ವೆನ್ಸಿಗೆ ಎಂಟೇ ಜಾಗ, ಅದರಲ್ಲೂ ಒಂದೆರಡು ಸಿಗ್ನಲಿಂಗ್‌ಗೆ, ಅಂದರೆ ಕಾಲ್ ಜೋಡಿಸುವ ಕೆಲಸಕ್ಕೆ, ಹೋಗುತ್ತವೆ. ನಾವು ಒತ್ತುವ ಪ್ರತಿ ರೀಡಯಲ್ ಕೂಡ ಕಾಲ್ ಸಿಗದಿದ್ದರೂ ಆ ಸಿಗ್ನಲಿಂಗ್ ಜಾಗವನ್ನು ತಿನ್ನುತ್ತದೆ. ಎಸ್‌ಎಂಎಸ್ ಹಾಗಲ್ಲ. ಚಿಕ್ಕದು, ಮಾತಿನ ಜಾಗ ಬೇಡ, ಈಗ ಮುಟ್ಟದಿದ್ದರೆ ಮೊಬೈಲ್ ಕಂಪನಿಯ ಸೆಂಟರ್‌ನಲ್ಲಿ ಕಾದು ಕೂತು ದಾರಿ ಸಿಕ್ಕಾಗ ಹೋಗುತ್ತದೆ.

ಅಲ್ಲಿಂದ ಕೆಲಸ ಬದಲಾಯಿತು. ಎರಡರಲ್ಲಿ ಒಂದು ಲೈನ್ ಮುಟ್ಟಲೇ ಇಲ್ಲ, ಬರುವ ಕಾಲ್‌ಗೆ ಅಂತ ಇಟ್ಟೆವು. ಮೊಬೈಲ್ ಇದ್ದವರ ಕೈಯಲ್ಲೆಲ್ಲ ಒಂದೇ ಎಸ್‌ಎಂಎಸ್ ಹಾಕಿಸಿದೆವು: ಚೆನ್ನಾಗಿದ್ದರೆ 08382 ಹಾಕಿ ಈ ನಂಬರಿಗೆ ಅರ್ಧ ನಿಮಿಷ ಮಾತಾಡು, ಮತ್ತೆ ಮಾಡಬೇಡ. 08382 ಕಾರವಾರದ ಕೋಡ್, ನಂಬರ್ ನನ್ನ ಬೂತಿನದ್ದು. ಇಂಗ್ಲಿಷ್ ಅಕ್ಷರದಲ್ಲೇ ಬರೆಸಿದೆ, ಅದರಲ್ಲಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಅಷ್ಟೇ.

ಹಳೆಯ ಬಿಲ್ ಪುಸ್ತಕದ ಹಿಂಬದಿಗೆ ಗೆರೆ ಎಳೆದು ಬರೆಯುತ್ತಾ ಹೋದೆ. ಹೆಸರು, ಯಾವ ಸ್ಟೇಷನ್‌ನಲ್ಲಿ ಹತ್ತುತ್ತಾನೆ, ಎಲ್ಲಿ ಇಳಿಯುತ್ತಾನೆ, ಇಲ್ಲಿ ಯಾರ ಮನೆಗೆ ಹೇಳಬೇಕು. ಬರೆಯುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮವರಲ್ಲಿ ತುಂಬಾ ಜನ ಇರುವುದು ನಾಲಾಸೋಪಾರ, ವಿರಾರ್ ಕಡೆ, ಅಲ್ಲಿನ ಕೋಡ್ 022 ಅಲ್ಲ, 0250! ಅಂದರೆ ದಾರಿಯೇ ಬೇರೆ. ಆ ಅಮ್ಮನ ಚೂರಿನ ಹಿಂಬದಿಯಲ್ಲಿ ಚಾಳಿನ ಕೆಳಗಿನ ಕಿರಾಣಿ ಅಂಗಡಿಯ ಲ್ಯಾಂಡ್‌ಲೈನ್ ನಂಬರ್ ಇತ್ತು, ಬಾಲ್ ಪೆನ್ನಿನಲ್ಲಿ ಬರೆದದ್ದು, ಅಳಿಸಿರಲಿಲ್ಲ. ನಾಲ್ಕನೇ ಸಲಕ್ಕೆ ರಿಂಗ್ ಆಯಿತು. ಅಂಗಡಿಯವನು ಒಬ್ಬನೇ ಆರು ಮನೆಯ ಸುದ್ದಿ ಹೇಳಿದ, ಮೂವರು ಬಂದಿದ್ದಾರೆ, ಮೂವರು ಇನ್ನೂ ಇಲ್ಲ. ನನ್ನ ನಂಬರ್ ಗೋಡೆಗೆ ಬರೆದುಕೊಳ್ಳಿ ಅಂದೆ.

ಒಂಬತ್ತರ ಹೊತ್ತಿಗೆ ಕರೆಂಟ್ ಹೋಯಿತು. ಬಿಲ್ಲಿಂಗ್ ಮಷಿನ್‌ನ ಕೆಂಪು ಅಂಕಿ ಆರಿಹೋಯಿತು, ಫೋನ್ ಮಾತ್ರ ನಡೆಯುತ್ತಿತ್ತು, ಯಾಕೆಂದರೆ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜ್‌ನ 48 ವೋಲ್ಟ್ ಬ್ಯಾಟರಿಯಿಂದಲೇ ಕರೆಂಟ್ ಬರುತ್ತದೆ. ಆಮೇಲೆ ಬಿಲ್ ನೋಡಲೂ ಇಲ್ಲ. ಸುದ್ದಿ ಬಂದ ಹಾಗೆಲ್ಲ ಹುಡುಗರು ಸೈಕಲ್ ಹತ್ತಿ ಕೋಡಿಬಾಗ, ಕಾಜುಬಾಗ ಅಂತ ಹೋಗಿ ಹೇಳಿ ಬಂದರು. ಫೋನಿನಷ್ಟೇ ಮುಖ್ಯವಾದ ಕೆಲಸ ಅದು.

ಹನ್ನೊಂದೂವರೆಗೆ ಆ ಅಮ್ಮನ ಮಗನ ಕಾಲ್ ಬಂತು, ಅದೇ ಅಂಗಡಿಯಿಂದ. ಅಂಧೇರಿಯಿಂದ ನಡೆದೂ, ಯಾರದೋ ಟೆಂಪೋ ಹತ್ತಿಯೂ ಮನೆ ಮುಟ್ಟಿದ್ದ. ಅಮ್ಮ ಎರಡು ಮಾತಾಡಿ "ಸಾಕು, ಇಡು, ಬೇರೆಯವರದ್ದು ಬರಲಿ" ಅಂದು ರಿಸೀವರ್ ನನ್ನ ಕೈಗೆ ಕೊಟ್ಟರು.

ಹಿಂದಿನ ವರ್ಷ, 2005ರ ಜುಲೈ 7ರಂದು, ಲಂಡನ್ ಸ್ಫೋಟದ ದಿನ ಆಲ್ಡ್‌ಗೇಟ್ ಸುತ್ತಮುತ್ತ ಒಂದು ಮೊಬೈಲ್ ನೆಟ್‌ವರ್ಕನ್ನು ಪೊಲೀಸರು ಕೆಲವು ಗಂಟೆ ತುರ್ತು ಕೆಲಸದವರಿಗೆ ಮಾತ್ರ ಅಂತ ಮಾಡಿಸಿದ್ದರು. ಇದನ್ನು ನಾನು ಓದಿದ್ದು ಆಮೇಲೆ. ಜನರಿಗೆ ಸಿಟ್ಟು ಬರುವ ಕೆಲಸ, ನಿಜ. ಆದರೆ ಆಂಬ್ಯುಲೆನ್ಸ್‌ನವನ ಕಾಲ್ ನನ್ನ ರೀಡಯಲ್ ಹಿಂದೆ ಸಾಲಿನಲ್ಲಿ ನಿಲ್ಲಬಾರದು ಅಲ್ವಾ?

2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ಸ್ಟೇಷನ್, ತಾಜ್ ಹೋಟೆಲ್ ಮೇಲೆ ದಾಳಿ ಅಂತ ಸುದ್ದಿ ಶುರುವಾದಾಗ ಮುಚ್ಚಿದ್ದ ಬೂತ್ ಮತ್ತೆ ತೆಗೆದೆ. ಅಷ್ಟೊತ್ತಿಗೆ ತುಂಬಾ ಜನರ ಕೈಗೆ ಮೊಬೈಲ್ ಬಂದಿತ್ತು, ಆದರೂ ಬಂದರು. ಈ ಸಲ ರೀಡಯಲ್ ಒತ್ತಲಿಲ್ಲ, ಮೊದಲೇ ಪುಸ್ತಕ ತೆಗೆದೆ. ಬೈತಕೋಲದ ಅಮ್ಮನೂ ಬಂದರು. ಅವರ ಮಗ ಆಗ ರಜೆಯಲ್ಲಿ ಊರಲ್ಲೇ ಇದ್ದ. ಸ್ಟೂಲ್ ಎಳೆದುಕೊಂಡು ಕೂತು, ತಮ್ಮ ಓಣಿಯ ಯಾರ ಮಕ್ಕಳು ಎಲ್ಲಿ ಕೆಲಸ ಮಾಡುತ್ತಾರೆ, ಯಾವ ಸ್ಟೇಷನ್ನು ಅಂತ ಒಬ್ಬೊಬ್ಬರದ್ದೇ ಹೇಳುತ್ತಾ ಹೋದರು. ನಾನು ಬರೆದುಕೊಂಡೆ.