ಮಲೆನಾಡ ಮಳೇಲೂ ಸ್ಪ್ಯಾನರಿಗೆ ತುಕ್ಕು ಬರದ ಹಾಗೆ ಇಟ್ಟಿದ್ದು – ನನ್ನ ಅನುಭವ

ಈ ಸಲ ಮಳೆಗಾಲದಲ್ಲಿ ಹತ್ತು ಹನ್ನೊಂದು ದಿನ ಬಿಡದೆ ಹೊಡೀತು, ನಮ್ಮ ಸಾಗರದವರಿಗೆ ಅದೇನು ಹೊಸದಲ್ಲ ಬಿಡಿ, ಆದ್ರೆ ಮಳೆ ಬಿಟ್ಟ ದಿನ ಗ್ಯಾರೇಜಲ್ಲಿ ಬೀರು ಬಾಗಿಲು ತೆಗೆದು ನೋಡಿದ್ರೆ ಒಂದು ಸ್ಪ್ಯಾನರ್ ಮೇಲೂ ಕೆಂಪು ಚುಕ್ಕೆ ಇಲ್ಲ. ಈ ಬೀರು ತಂದ ದಿನ ಪಕ್ಕದ ಟೈರ್ ಅಂಗಡಿಯವ್ರು "ಮೆಕ್ಯಾನಿಕ್ಕಿಗೆ ಬೀರು ಯಾತಕ್ಕೋ ಮಾರಾಯ, ಸೀರೆ ಮಡಚಿಡ್ತೀಯಾ" ಅಂತ ಎಲ್ಲರೆದುರು ನಕ್ಕಿದ್ರು. ಮೊನ್ನೆ ಅವ್ರೇ ಬಂದು ಟೇಪ್ ಹಿಡಿದು ಅಳತೆ ತಗೊಂಡು ಹೋದ್ರು. ಅದಕ್ಕೇ ಬರೀತಿದೀನಿ.

ಮೊದಲು ದುಡ್ಡು ಕಳ್ಕೊಂಡ ಕಥೆ. 2015-16ರ ಸುಮಾರಿಗೆ ಗ್ಯಾರೇಜ್ ಹಾಕ್ದಾಗ ನೂರೆಂಟು ಪೀಸಿನ ಟೂಲ್ ಸೆಟ್ ಒಂದು ತಗೊಂಡೆ, ಮೂರು ಸಾವಿರದ ಚಿಲ್ಲರೆ. ಪ್ಲಾಸ್ಟಿಕ್ ಪೆಟ್ಟಿಗೇಲಿ ಫಳಫಳ ಹೊಳೀತಿತ್ತು. ನಮಗೆ ಬೈಕಿಗೆ ದಿನಾ ಬೇಕಾಗೋದು 8, 10, 12, 14, 17, 19 ಎಂಎಂ ಸೈಜು, ಅಷ್ಟೇ, ಉಳಿದ ಪೀಸೆಲ್ಲ ಹಾಗೇ ಕೂತಿದ್ವು, ಬೇಕಾಗಿದ್ದೇ ಮೊದಲು ಹೋಯ್ತು. ಮೂರನೇ ತಿಂಗಳಿಗೆ 10ರ ಸಾಕೆಟ್, ಅಂದ್ರೆ ಬೋಲ್ಟ್ ತಲೆಗೆ ಟೋಪಿ ಥರ ಕೂರೋದು, ಸೀಳು ಬಿಡ್ತು. ಆಮೇಲೆ 17ರದ್ದು ಒಂದು ಸ್ಪ್ಲೆಂಡರ್ ಬೈಕಿನ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್ ಮೇಲೆ ಜಾರಿ ಬೋಲ್ಟಿನ ಮೂಲೆ ಎಲ್ಲ ಉರುಟಾಯ್ತು, ಉಳಿ ಹಾಕಿ ಹೊಡೆಯೋಕೆ ಹೋಗಿ ಇಂಜಿನ್ ಕೇಸಿನ ಥ್ರೆಡ್ಡೂ ಹೋಯ್ತು. ಲೇತಿನವರ ಹತ್ರ ಹೋಗಿ ಬುಷ್ ಹಾಕ್ಸಿ, ಆಯಿಲು, ಪ್ಯಾಕಿಂಗು, ಎರಡು ದಿನದ ಕೆಲಸ ಎಲ್ಲ ಸೇರಿ ಸಾವಿರದ ಎಂಟುನೂರು ನನ್ನ ಜೇಬಿಂದ. ಗಿರಾಕಿ ಮತ್ತೆ ಬರ್ಲೇ ಇಲ್ಲ.

ಅವತ್ತಿಂದ ಸೆಟ್ ತಗೊಳ್ಳೋದು ಬಿಟ್ಟೆ. ಬಿಡಿ ಬಿಡಿಯಾಗಿ, ಕೈಗೆ ದುಡ್ಡು ಬಂದಾಗ ಒಂದೊಂದೇ. ಅಂಗಡಿಗೆ ಹೋಗುವಾಗ ಜೇಬಲ್ಲಿ ಹೊಸಾ ಬೋಲ್ಟು ಮೂರು ಇಟ್ಕೊಂಡು ಹೋಗ್ತೀನಿ, 10ರದ್ದು, 14ರದ್ದು, 17ರದ್ದು. ಸ್ಪ್ಯಾನರಿಗೆ ಬೋಲ್ಟ್ ಹಾಕಿ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡೋದು. ಕಟಕಟ ಅಂದ್ರೆ ಅಲ್ಲೇ ವಾಪಸ್, ಯಾವ ಕಂಪನಿ ಹೆಸರೇ ಇರ್ಲಿ. ಒಳ್ಳೇದಾದ್ರೆ ಬೋಲ್ಟು ಸುಲಭಕ್ಕೆ ಹೋಗಿ ಕೂರುತ್ತೆ, ಅಲ್ಲಾಡಲ್ಲ. ಇನ್ನೊಂದು, ರಿಂಗ್ ಸ್ಪ್ಯಾನರಾದ್ರೆ ಬೋಲ್ಟ್ ಸುತ್ತ ಕೂರೋ ಉಂಗುರದ ಗೋಡೆ ನೋಡಿ. ದಪ್ಪ ಇದ್ರೆ ಗಟ್ಟಿ ಅನ್ಕೋತೀವಿ, ಆದ್ರೆ ಒಳ್ಳೇ ಉಕ್ಕಿಂದು ತೆಳ್ಳಗಿದ್ದೂ ಗಟ್ಟಿ ಇರುತ್ತೆ, ಇಕ್ಕಟ್ಟಲ್ಲಿ ಒಳಗೆ ಹೋಗೋದು ಅದೇ. ಸಾಕೆಟ್ಟು ಆರು ಮೂಲೆದೇ ಇರ್ಲಿ, ಹನ್ನೆರಡು ಮೂಲೆದು ಹಾಕೋಕೆ ಸಲೀಸು, ಆದ್ರೆ ತುಕ್ಕು ತಿಂದ ಬೋಲ್ಟ್ ಮೇಲೆ ಮೊದಲು ಜಾರೋದೂ ಅದೇ. ರ‍್ಯಾಚೆಟ್ಟಿಗೆ ಮಾತ್ರ, ಅಂದ್ರೆ ಸಾಕೆಟ್ ತಿರುಗಿಸೋ ಹಲ್ಲಿನ ಹಿಡಿಗೆ, ಕಂಜೂಸಿ ಮಾಡ್ಬೇಡಿ, 72 ಹಲ್ಲಿಂದು ಆದ್ರೆ 5 ಡಿಗ್ರಿ ತಿರುಗಿದ್ರೂ ಹಲ್ಲು ಹಿಡಿಯುತ್ತೆ, 36 ಹಲ್ಲಿಂದಕ್ಕೆ 10 ಡಿಗ್ರಿ ಬೇಕು, ಫ್ರೇಮಿನ ಸಂದೀಲಿ ಕೈ ಹಾಕ್ದಾಗ ಆ ಐದು ಡಿಗ್ರಿ ಬೆಲೆ ಗೊತ್ತಾಗುತ್ತೆ.

ನನ್ನ ಹತ್ರ ಈಗ ಜಾಸ್ತಿ ಇರೋದು ಟಪಾರಿಯಾ ಕಂಪನಿದು, ಜೊತೆಗೆ ಗೆಡೋರೆ ಕಂಪನಿ ಹಳೇ ರಿಂಗ್ ಸ್ಪ್ಯಾನರ್ ಐದಾರು, ಬೆಂಗಳೂರಲ್ಲಿ ಭಾನುವಾರದ ಸಂತೇಲಿ ಹುಡುಕಿ ತಂದಿದ್ದು, ಒಂದೊಂದು ನೂರು ನೂರೈವತ್ತು ಬಿತ್ತು. ಯಾರ ಹತ್ರ, ಎಷ್ಟೊತ್ತಿಗೆ ಹೋದ್ರೆ ಸಿಗುತ್ತೆ ಅನ್ನೋದು ಮಾತ್ರ ನನ್ನಲ್ಲೇ ಇರ್ಲಿ. ಸ್ಟಾರ್ ಸ್ಕ್ರೂಡ್ರೈವರ್ ತುದಿ ಗ್ರೈಂಡರಲ್ಲಿ ಒಂಚೂರೇ ಚೂರು ಸವೆಸ್ಕೊಳ್ಳಿ, ಆರ್‌ಎಕ್ಸ್ 100 ಥರದ ಜಪಾನಿ ಬೈಕಿನ ಸ್ಕ್ರೂ ತಳಕ್ಕೆ ಹೋಗಿ ಕೂರುತ್ತೆ, ತಲೆ ಕೆಡಲ್ಲ. ನಂದು ಎಂಟು ವರ್ಷದ ಒಟ್ಟು ಲೆಕ್ಕ ಹದಿನೆಂಟು ಇಪ್ಪತ್ತು ಸಾವಿರ ಇರ್ಬಹುದು.

ಇಷ್ಟು ಒಳ್ಳೇದು ತಂದ ಮೇಲೆ ಇಡೋದೆಲ್ಲಿ? ಇಲ್ಲೇ ನಾನು ಜಾಸ್ತಿ ಸೋತಿದ್ದು. ಮೊದಲು ಗೋಡೆಗೆ ಪ್ಲೈವುಡ್ ಹಾಕಿ ಮೊಳೆ ಹೊಡೆದು ನೇತು ಹಾಕ್ದೆ, ನೋಡೋಕೆ ಚಂದ, ಜೂನ್ ಕಳೆಯೋದ್ರೊಳಗೆ ಎಲ್ಲ ಕೆಂಪು. ಆಮೇಲೆ ಡ್ರಾಯರ್ ಟ್ರಾಲಿ ತಂದು ಅಡೀಗೆ ಹಾಸಿಗೆ ಸ್ಪಾಂಜ್ ಹಾಸ್ದೆ, ಅದಂತೂ ದೊಡ್ಡ ತಪ್ಪು. ಸ್ಪಾಂಜು ಗಾಳೀಲಿರೋ ನೀರು ಕುಡಿದು ಹಿಡ್ಕೊಂಡು ಕೂರುತ್ತೆ. ಮೇಲಿಂದ ನೋಡಿದ್ರೆ ಸ್ಪ್ಯಾನರ್ ಹೊಸದ್ರ ಹಾಗೆ, ಮಗುಚಿದ್ರೆ ಹಿಂದುಗಡೆ ಪೂರ್ತಿ ತುಕ್ಕಿನ ಹಕ್ಕಳೆ, ಸೈಜ್ ನಂಬರೂ ಓದೋಕಾಗಲ್ಲ. ತೇವ ಎಳೆಯುತ್ತೆ ಅಂತ ಸುಣ್ಣದ ಕಲ್ಲು ಡಬ್ಬೀಲಿ ಹಾಕಿಟ್ಟೆ, ಎಳೀತು, ಉಬ್ಬಿ ಪುಡಿಯಾಗಿ ಡ್ರಾಯರ್ ತುಂಬಾ ಚೆಲ್ತು.

ತುಕ್ಕು ತೆಗೆಯೋಕೂ ಏನೇನೋ ಮಾಡಿದೀನಿ. ಜೋನಿ ಬೆಲ್ಲ ಒಂದು ಪಾಲು, ನೀರು ಎಂಟು ಹತ್ತು ಪಾಲು ಕಲಸಿ ಬಕೆಟಲ್ಲಿ ಒಂದು ವಾರ ನೆನೆಸಿಟ್ರೆ ತುಕ್ಕು ಸಲೀಸಾಗಿ ಬಿಡುತ್ತೆ, ಆದ್ರೆ ಹುಳಿ ವಾಸನೆಗೆ ಮನೆಯವ್ರು ಬಕೆಟ್ ತೋಟಕ್ಕೆ ಹೊರಹಾಕ್ಸಿದ್ರು. ಮುರುಗಲು ಸಿಪ್ಪೆ ನೀರೂ ನೋಡ್ದೆ, ಹಳೇ ಇಕ್ಕಳಕ್ಕೆ ಪರವಾಗಿಲ್ಲ. ಕ್ರೋಮ್ ಇರೋದನ್ನ ರಾತ್ರಿ ಪೂರ್ತಿ ಹುಳೀಲಿ ಇಡ್ಬೇಡಿ, ನನ್ನ 12ರದ್ದು ಒಂದರ ಕ್ರೋಮು ಸಿಪ್ಪೆ ಎದ್ದಿದೆ.

ಕೊನೆಗೆ ಸರಿ ಆಗಿದ್ದು ಹೀಗೆ. ಗುಜರಿಯಿಂದ ಹಳೇ ಕಬ್ಬಿಣದ ಬೀರು, ಎರಡು ಸಾವಿರದ ಇನ್ನೂರು. ಕೆಳಗೆ 40 ವ್ಯಾಟ್ ಹಳೇ ಕಾಲದ ಬಿಸಿ ಆಗೋ ಬಲ್ಬ್, ಸುತ್ತ ಜಾಲರಿ, ಮೇಲ್ಗಡೆ ನಾಲ್ಕು ತೂತು. ಎಲ್‌ಇಡಿ ಹಾಕಿದ್ರೆ ಏನೂ ಉಪಯೋಗ ಇಲ್ಲ, ನಮಗೆ ಬೇಕಾಗಿರೋದು ಬೆಳಕಲ್ಲ, ಬಿಸಿ. ಮಳೆಗಾಲ ಮಾತ್ರ ಹಚ್ತೀನಿ, ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್. ಕರೆಂಟು ಎರಡು ದಿನ ಹೋದ್ರೆ ಅಂತ ಕರ್ಪೂರದ ಬಿಲ್ಲೆ ಇಡ್ತೀನಿ, ಮತ್ತೆ ಒರೆಸೋ ಬಟ್ಟೆಗೆ ಗೇರ್ ಆಯಿಲ್ ಜೊತೆ ಇನ್ನೊಂದು ಸೇರಿಸ್ತೀನಿ, ಅದೇನು ಅಂತ ಮಾತ್ರ ಹೇಳಲ್ಲ.

ಬೀರಿನ ತಟ್ಟೆಗೆ ಹಾಸಿದ್ದು ಚಪ್ಪಲಿ ಹೊಲಿಯೋರು ತರೋ ಇವಿಎ ಶೀಟು, ಇದು ನೀರು ಕುಡಿಯಲ್ಲ. ಕೆಳಗೆ ನೀಲಿ, ಮೇಲೆ ಬಿಳಿ, ಎರಡನ್ನೂ ಅಂಟಿಸಿ, ಒಂದೊಂದು ಸ್ಪ್ಯಾನರ್ ಆಕಾರಕ್ಕೂ ಬಿಳಿ ಶೀಟ್ ಮಾತ್ರ ಬ್ಲೇಡಲ್ಲಿ ಕೊಯ್ದೆ. ಎತ್ತೋಕೆ ಬೆರಳು ಹೋಗೋ ಅಷ್ಟು ಒಂದು ಅರ್ಧಚಂದ್ರ. ಮೊದಲನೇದು ಆಕಾರಕ್ಕೆ ಸರಿಯಾಗಿ ಕೊಯ್ದು ಎರಡು ಶೀಟ್ ದಂಡ ಮಾಡ್ದೆ, ಬಿಗಿಯಾಗಿ ಮೇಲೇ ಬರ್ತಿರ್ಲಿಲ್ಲ, ಸುತ್ತ ಒಂದು ಎಂಎಂ ಬಿಟ್ಟು ಕೊಯ್ಯಿರಿ. ಶೀಟು, ಅಂಟು ಸೇರಿ ಏಳ್ನೂರು ಎಂಟ್ನೂರು.

ಈಗ ಸಂಜೆ ಬಾಗಿಲು ಹಾಕೋ ಮುಂಚೆ ನಮ್ಮ ಹುಡುಗ ತಟ್ಟೆ ಎಳೆದು ನೋಡ್ತಾನೆ. ಬಿಳಿ ನಡುವೆ ನೀಲಿ ಕಂಡ್ರೆ ಯಾವುದೋ ಬೈಕಲ್ಲಿ ಸ್ಪ್ಯಾನರ್ ಉಳಿದಿದೆ ಅಂತ. ಮುಂಚೆ ವರ್ಷಕ್ಕೆ ಏಳೆಂಟು 10ರ ಸ್ಪ್ಯಾನರ್ ಕಳೀತಿದ್ವು, ಎರಡು ವರ್ಷದಲ್ಲಿ ಹೋಗಿದ್ದು ಒಂದೇ. ಹೋದ ವಾರ "ಅಣ್ಣಾ, 14 ಇಲ್ಲ" ಅಂತ ಕೂಗ್ದ, ಆಗ ತಾನೇ ಹೊರಟ ಆಕ್ಟಿವಾನ ಗೇಟಿನ ಹತ್ರ ನಿಲ್ಸಿ ಸೀಟೆತ್ತಿ ನೋಡಿದ್ರೆ ಅಲ್ಲೇ ಕೂತಿತ್ತು.