ಒಗಟಿನ ಪದಬಂಧ: ಬಿಡಿಸುವುದು ಹೇಗೆ, ನೆರವು ಕೇಳುವುದು ಹೇಗೆ

ಒಗಟಿನ ಸುಳಿವನ್ನು ಮಾಮೂಲಿ ವಾಕ್ಯದಂತೆ ಓದಬೇಡಿ. ಅದರಲ್ಲಿ ಎರಡು ತುಂಡುಗಳಿರುತ್ತವೆ: ಒಂದು ಉತ್ತರದ ಅರ್ಥ, ಇನ್ನೊಂದು ಅಕ್ಷರಗಳ ಆಟ. ಅರ್ಥ ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಕೂತಿರುತ್ತದೆ.

‘ಹಸ್ತದ ಮುಂದೆ ಏಳು ದಿನ, ವೃತ್ತ ಎಳೆಯಲು (3)’. ಹಸ್ತ ಅಂದರೆ ಕೈ, ಏಳು ದಿನ ಅಂದರೆ ವಾರ. ಜೋಡಿಸಿದರೆ ಕೈವಾರ, ವೃತ್ತ ಎಳೆಯುವ ಸಾಧನ. ಕಂಸದಲ್ಲಿರುವ 3 ಅಂದರೆ ಉತ್ತರಕ್ಕೆ ಮೂರು ಮನೆ, ಅಂದರೆ ಮೂರು ಚೌಕ. ಇದೇ ಪದಕ್ಕೆ ‘ತಾತಯ್ಯನವರ ಊರು’ ಎಂಬ ಅರ್ಥವನ್ನೂ ಕೊಡಬಹುದಿತ್ತು. ಒಂದೇ ಅರ್ಥಕ್ಕೆ ಅಂಟಿಕೊಂಡರೆ ಇಂಥಲ್ಲೇ ಸಿಕ್ಕಿಬೀಳುತ್ತೀರಿ.

ಆಟ ಯಾವುದೆಂದು ಹೇಳುವ ಪದವೇ ಕೀಲಿ. ‘ತಿರುಗಿದ’ ಎಂದಿದ್ದರೆ ಹಿಂದಿನಿಂದ ಓದಿ: ‘ಹೊಸದು ತಿರುಗಿದರೆ ಕಾಡು (2)’, ನವ ಹೋಗಿ ವನ. ‘ತಬ್ಬಿಬ್ಬಾದ’, ‘ಚೆಲ್ಲಾಪಿಲ್ಲಿ’ ಇದ್ದರೆ ಅಕ್ಷರ ಕಲಸಿ: ತಬ್ಬಿಬ್ಬಾದ ರಮಣನಿಗೆ ಮರಣ. ‘ನಗರದಲ್ಲಿ ಅಡಗಿದ ವಿಷ’ವಂತೂ ಕಣ್ಣೆದುರೇ ಇದೆ, ಗರ.

ಮನೆ ಎಣಿಸುವಾಗ ಹೆಚ್ಚು ತಪ್ಪಾಗುವುದು ಒತ್ತಕ್ಷರದಲ್ಲಿ. ‘ಅಕ್ಕ’ ಎರಡೇ ಮನೆ. ‘ಬಂಧ’ದ ಸೊನ್ನೆಗೂ ಪ್ರತ್ಯೇಕ ಮನೆಯಿಲ್ಲ. ಅಡ್ಡ ಸಾಲಿನ ‘ದ’ ಅದೇ ಮನೆ ಹಾಯುವ ಮೇಲಿನಿಂದ ಕೆಳಗಿನ ಸಾಲಿನಲ್ಲಿ ‘ಧ’ ಆಗುವಂತಿದ್ದರೆ ಎರಡರಲ್ಲೊಂದು ಉತ್ತರ ತಪ್ಪು. ಅದಕ್ಕೇ ಖಚಿತವಾಗುವವರೆಗೂ ಪೆನ್ಸಿಲ್ಲಿನಲ್ಲೇ ಬರೆಯಿರಿ.

ಗೆಳೆಯರನ್ನು ಕೇಳುವಾಗ ಸುಳಿವನ್ನು ಒಂದಕ್ಷರ ಬಿಡದೆ ಕೊಡಿ, ಅಲ್ಪವಿರಾಮವೂ ಸೇರಿ. ಎಷ್ಟು ಮನೆ, ಯಾವ ಮನೆಯಲ್ಲಿ ಯಾವ ಅಕ್ಷರ ಬಂದಿದೆ, ಆ ಅಕ್ಷರ ಖಚಿತವೋ ಊಹೆಯೋ, ನೀವು ಎಲ್ಲಿಯವರೆಗೆ ಬಂದಿರಿ, ಎಲ್ಲವನ್ನೂ ತಿಳಿಸಿ: ‘3 ಮನೆ, ಕೊನೆಯದು ರ, ಖಚಿತ, ಹಸ್ತ ಅಂದರೆ ಕರ ಅಂದುಕೊಂಡೆ, ಮುಂದೆ ಹೊಳೆಯುತ್ತಿಲ್ಲ.’ ಉತ್ತರ ಬೇಡ, ಅರ್ಥ ಯಾವ ತುದಿಯಲ್ಲಿದೆ ಅಂತಷ್ಟೇ ಹೇಳಿ ಎಂದು ಕೇಳಿ. ಉತ್ತರ ಸಿಕ್ಕ ಮೇಲೂ ಪ್ರತಿ ಪದದ ಲೆಕ್ಕ ಒಪ್ಪಿಸಿ ನೋಡಿ. ಒಂದು ಪದ ಮಿಕ್ಕರೂ ಉತ್ತರ ಇನ್ನೂ ಅನುಮಾನವೇ.